ಪಿಲೋತ್ತಾ ಚೌಕದಲ್ಲಿ ಓದಿದ್ದು

ರೋಮಿಗೆ ದೈವಶಾಸ್ತ್ರ ಓದಲು ಹೋದವರನ್ನು ಮೊದಲು ಕೂರಿಸುವುದು ಇಟಾಲಿಯನ್ ಭಾಷೆಯ ತರಗತಿಯಲ್ಲಿ. ಊರಿನಲ್ಲಿ ವರ್ಷಗಟ್ಟಲೆ ಬಲಿಪೂಜೆ ಅರ್ಪಿಸಿ, ಮದುವೆ ಮಾಡಿಸಿ, ಸತ್ತವರನ್ನು ಮಣ್ಣು ಮಾಡಿ, ಶಾಲೆಯ ಲೆಕ್ಕಪತ್ರ ನೋಡಿಕೊಂಡು ಬಂದ ಗುರುಗಳು ಅಲ್ಲಿ ಬೆಂಚಿನ ಮೇಲೆ ಕುಳಿತು 'ನನ್ನ ಹೆಸರು ಇಂಥದು, ನನಗೆ ಇಬ್ಬರು ಅಕ್ಕಂದಿರು, ನಮ್ಮೂರಿಗೆ ಜೂನಿನಲ್ಲಿ ಮಳೆ ಬರುತ್ತದೆ' ಎಂದು ಒಪ್ಪಿಸುತ್ತಾರೆ. ಕೆಲವರು ಪೆರೂಜಾ ಪಟ್ಟಣಕ್ಕೆ ಹೋಗುತ್ತಾರೆ. ಅಲ್ಲಿ ವಿದೇಶಿಯರಿಗೆ ಇಟಾಲಿಯನ್ ಕಲಿಸುವ ಏರ್ಪಾಡು 1921ರಷ್ಟು ಹಳೆಯದು. ನಾನು ರೋಮಿನಲ್ಲೇ ಕಲಿತೆ. ಅಕ್ಟೋಬರಿನಲ್ಲಿ ಪಾಠ ಶುರುವಾಗುವ ಹೊತ್ತಿಗೆ ಪ್ರಾಧ್ಯಾಪಕರ ಮಾತಿನ ಜಾಡಾದರೂ ಸಿಗಬೇಕಿತ್ತು.

ಮಾತನ್ನೇ ನೆಚ್ಚಿ ಬದುಕುವವನು ಹೀಗೆ ಮಾತು ಕಳೆದುಕೊಂಡು ಕೂರುವುದು ಸಣ್ಣ ಸಂಗತಿಯಲ್ಲ. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಗುರುಗಳ ಮಾತಿಗೆ ಕಾಯುತ್ತಾರೆ, ತಪ್ಪಿದರೂ ತಿದ್ದುವುದಿಲ್ಲ. ರೋಮಿನಲ್ಲಿ ಬಸ್ಸಿನ ಟಿಕೆಟ್ ಕೇಳುವಾಗಲೂ ಅಂಗಡಿಯ ಹುಡುಗ ತಿದ್ದುತ್ತಾನೆ. ಆ ತಿಂಗಳುಗಳಲ್ಲಿ ನಾನು ಹೆಚ್ಚು ಕೇಳಿದೆ, ಕಡಿಮೆ ಆಡಿದೆ. ದೈವಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇರಲಾರದು ಎಂದು ಈಗಲೂ ನಂಬುತ್ತೇನೆ.

ನಾನಿದ್ದ ವಸತಿಗೃಹದಲ್ಲಿ ಆಫ್ರಿಕಾ ಮತ್ತು ಏಷ್ಯಾದ ಗುರುಗಳೇ ಹೆಚ್ಚು. ಊಟದ ಮೇಜಿನಲ್ಲಿ ನನ್ನ ಎಡಕ್ಕೆ ನೈಜೀರಿಯಾದವರು, ಬಲಕ್ಕೆ ವಿಯೆಟ್ನಾಮಿನವರು, ಎದುರಿಗೆ ಮ್ಯಾನ್ಮಾರಿನವರು. ಮಧ್ಯಾಹ್ನ ಒಂದು ಗಂಟೆಗೆ ಮೊದಲು ಪಾಸ್ತಾ, ಆಮೇಲೆ ಮಾಂಸವೋ ಮೀನೋ, ಕೊನೆಗೆ ಹಣ್ಣು. ಅನ್ನ ಬಂದ ದಿನ ಮೇಜಿನ ಮೇಲೆ ಗದ್ದಲ ಜಾಸ್ತಿ. ಶನಿವಾರ ನಾವು ಕೆಲವರು ಸೇರಿ ತೆರ್ಮಿನಿ ನಿಲ್ದಾಣದ ಹತ್ತಿರದ ಎಸ್ಕ್ವಿಲೀನೊ ಮಾರುಕಟ್ಟೆಗೆ ಹೋಗುತ್ತಿದ್ದೆವು. ಬಾಂಗ್ಲಾದೇಶದ ವ್ಯಾಪಾರಿಗಳ ಅಂಗಡಿಗಳಲ್ಲಿ ಕೊತ್ತಂಬರಿ, ಹಸಿಮೆಣಸು, ಬೇಳೆ ಎಲ್ಲ ಸಿಗುತ್ತಿತ್ತು. ರಾಗಿ ಹಿಟ್ಟು ಮಾತ್ರ ಊರಿಂದ ಬಂದವರ ಪೆಟ್ಟಿಗೆಯಲ್ಲೇ ಬರಬೇಕು. ನಮ್ಮಲ್ಲಿ ಬಹುತೇಕರ ಓದು ಯಾರೋ ದಾನಿಗಳ, ಯಾವುದೋ ದೇಶದ ಧರ್ಮಸಭೆಯ ವಿದ್ಯಾರ್ಥಿವೇತನದಿಂದ ನಡೆಯುತ್ತಿತ್ತು. ವಾಸದ ಪರವಾನಗಿಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾಯುವುದು ನಮ್ಮಂಥ ಎಲ್ಲ ವಿದ್ಯಾರ್ಥಿಗಳಿಗೂ ಸಮಾನ. ಆ ಸಾಲಿನಲ್ಲಿ ಗುರುವೆಂಬ ರಿಯಾಯಿತಿ ಇಲ್ಲ, ಇರಲೂ ಬಾರದು.

ನಾನು ಓದಿದ ಗ್ರೆಗೋರಿಯನ್ ವಿಶ್ವವಿದ್ಯಾಲಯ ಇರುವುದು ಪಿಯಾತ್ಸಾ ದೆಲ್ಲಾ ಪಿಲೋತ್ತಾ ಎಂಬ ಚೌಕದಲ್ಲಿ. ತ್ರೇವಿ ಕಾರಂಜಿಗೆ ನಾಣ್ಯ ಎಸೆಯಲು ನೆರೆದ ಪ್ರವಾಸಿಗರ ಗುಂಪನ್ನು ದಾಟಿ ಎರಡು ತಿರುವು ತಿರುಗಿದರೆ ಸಾಕು, ಗಲಾಟೆ ಅಡಗುತ್ತದೆ. ಈಗಿನ ಕಟ್ಟಡ 1930ರದು. ವಿದ್ಯಾಲಯದ ಹುಟ್ಟು ಮಾತ್ರ 1551ರಲ್ಲಿ, ಸಂತ ಇಗ್ನೇಷಿಯಸ್ ಲೊಯೋಲಾ ಕ್ಯಾಪಿಟೋಲ್ ಗುಡ್ಡದ ಬುಡದ ಒಂದು ಬಾಡಿಗೆ ಮನೆಯಲ್ಲಿ ತೆರೆದ ಶಾಲೆಯಿಂದ. ಅಲ್ಲಿ ಕಲಿಕೆ ಉಚಿತ ಎಂದು ಬಾಗಿಲ ಮೇಲೆಯೇ ಬರೆಸಿದ್ದರು. ಆ ಶಾಲೆ ರೋಮನ್ ಕಾಲೇಜಾಗಿ ಬೆಳೆಯಿತು. ನಾವಿಂದು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ 1582ರ ಸುಧಾರಣೆಗೆ ಲೆಕ್ಕ ಹಾಕಿದವರಲ್ಲಿ ಮುಖ್ಯರಾದ ಕ್ರಿಸ್ಟೊಫರ್ ಕ್ಲಾವಿಯಸ್ ಅಲ್ಲಿ ಗಣಿತ ಕಲಿಸುತ್ತಿದ್ದರು. ಚೀನಾಕ್ಕೆ ಹೋದ ಮತ್ತೇಯೊ ರಿಚ್ಚಿ ಅವರ ವಿದ್ಯಾರ್ಥಿ.

ಬೆಳಗ್ಗೆ ಎಂಟೂವರೆಗೆ ಮೊದಲ ಪಾಠ. ಗಾಜಿನ ಚಾವಣಿಯ ದೊಡ್ಡ ಅಂಗಳದಲ್ಲಿ ನೂರಕ್ಕೂ ಹೆಚ್ಚು ದೇಶಗಳ ವಿದ್ಯಾರ್ಥಿಗಳು ಓಡಾಡುತ್ತಾರೆ. ಒಂದು ಕಾಲಕ್ಕೆ ಗುರು ಅಭ್ಯರ್ಥಿಗಳಿಗೇ ಮೀಸಲಾಗಿದ್ದ ಬೆಂಚುಗಳಲ್ಲಿ ಈಗ ಧರ್ಮಭಗಿನಿಯರಿದ್ದಾರೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದವರೆಗೆ ಪಾಠವೆಲ್ಲ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಕೆನಡಾದ ಬರ್ನಾರ್ಡ್ ಲೊನರ್ಗನ್ ಅವರಂಥ ಚಿಂತಕರೂ 1953ರಿಂದ ಹನ್ನೆರಡು ವರ್ಷ ಇಲ್ಲಿ ಆ ಭಾಷೆಯಲ್ಲೇ ಕಲಿಸಿದರು. 1962ರಲ್ಲಿ ಪೋಪ್ 23ನೇ ಜಾನ್ ಲ್ಯಾಟಿನ್ ಕಡ್ಡಾಯವಾಗಿರಲಿ ಎಂದು ಆಜ್ಞೆಯನ್ನೇ ಹೊರಡಿಸಿದರು. ಆ ಆಜ್ಞೆ ಕೆಲವೇ ವರ್ಷಗಳಲ್ಲಿ ಬಳಕೆ ತಪ್ಪಿತು. ಪಾಠ ಇಟಾಲಿಯನ್ನಿಗೆ ತಿರುಗಿತು.

ಓದಿನ ಕ್ರಮ ಹೀಗೆ: ತತ್ವಶಾಸ್ತ್ರದ ಮೇಲೆ ಮೂರು ವರ್ಷದ ದೈವಶಾಸ್ತ್ರ ಮುಗಿಸಿದರೆ ಬ್ಯಾಚುಲರ್ ಪದವಿ, ಆಮೇಲೆ ಎರಡು ವರ್ಷದ ಲೈಸೆನ್ಶಿಯೇಟ್, ಮುಂದೆ ಡಾಕ್ಟರೇಟ್. ಗುರುಮಠದಲ್ಲಿ ಕಲಿಸಬೇಕಾದರೆ ಲೈಸೆನ್ಶಿಯೇಟ್ ಬೇಕು. ನನ್ನಂಥವರನ್ನು ಧರ್ಮಾಧ್ಯಕ್ಷರು ಕಳಿಸುವುದು ಹೆಚ್ಚಾಗಿ ಅದಕ್ಕೇ. ಜನವರಿ ಕೊನೆಗೆ ಮತ್ತು ಜೂನಿನಲ್ಲಿ ಪರೀಕ್ಷೆ, ಬಹುಪಾಲು ಮೌಖಿಕ. ಒಂದು ಮೇಜು, ಎರಡು ಕುರ್ಚಿ, ಹತ್ತು ಹದಿನೈದು ನಿಮಿಷ. ಹೊರಗೆ ಮೊಗಸಾಲೆಯಲ್ಲಿ ನಿಂತವರು ಚೀಟಿ ತಿರುವುತ್ತ ತುಟಿ ಅಲುಗಿಸುತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಉತ್ತರಿಸಲು ಅವಕಾಶವಿತ್ತು. ನಾನು ಬೇಕೆಂದೇ ಇಟಾಲಿಯನ್ ಆರಿಸಿಕೊಂಡೆ. ಇಂಗ್ಲಿಷಿನಲ್ಲಾದರೆ ಪುಸ್ತಕದ ಉದ್ದುದ್ದ ವಾಕ್ಯಗಳು ಬಾಯಿಗೆ ತಾವೇ ಬರುತ್ತವೆ. ಇಟಾಲಿಯನ್ನಿನಲ್ಲಿ ನನಗಿದ್ದದ್ದು ಚಿಕ್ಕ ಚಿಕ್ಕ ವಾಕ್ಯಗಳು. ದೇವರು ಮನುಷ್ಯನೊಡನೆ ಮಾತಾಡುತ್ತಾನೆ ಎಂದು ನಾವು ನಂಬುವುದು ಯಾಕೆ? ಆ ಮಾತು ಯೇಸುವಿನಲ್ಲಿ ಪೂರ್ಣವಾಯಿತು ಎನ್ನುವುದಾದರೆ ಉಳಿದವರಿಗೆ ದೇವರು ಏನೂ ಹೇಳಲಿಲ್ಲವೇ? ಪ್ರಾಧ್ಯಾಪಕರು ಕನ್ನಡಕ ತೆಗೆದು ಹೀಗೆ ಕೇಳಿದಾಗ ಅಲಂಕಾರಕ್ಕೆ ಜಾಗವಿರುವುದಿಲ್ಲ. ನಂಬಿದ್ದನ್ನು ಬಿಡಿಸಿ, ಒಂದೊಂದಾಗಿ, ನಾಲಿಗೆ ತೊಡರಿದರೂ ಸರಿ, ಹೇಳಬೇಕು.

ಈ ಕೊನೆಯ ಪ್ರಶ್ನೆಯೇ ನನ್ನನ್ನು ಗ್ರಂಥಾಲಯಕ್ಕೆ ಎಳೆದೊಯ್ದದ್ದು. ಲಕ್ಷಾಂತರ ಪುಸ್ತಕಗಳ ಆ ಕಪಾಟುಗಳ ನಡುವೆ ಜಾಕ್ ದ್ಯುಪ್ವಿ ಅವರ ಗ್ರಂಥಗಳಿವೆ. ಬೆಲ್ಜಿಯಂನ ಈ ಜೆಸ್ವಿಟ್ ಗುರು 1948ರಲ್ಲಿ ಭಾರತಕ್ಕೆ ಬಂದು, ಕರ್ಸಿಯಾಂಗ್ ಮತ್ತು ದೆಹಲಿಯಲ್ಲಿ ಕಲಿಸಿ, 36 ವರ್ಷಗಳ ಮೇಲೆ 1984ರಲ್ಲಿ ಗ್ರೆಗೋರಿಯನ್‌ಗೆ ಅಧ್ಯಾಪಕರಾಗಿ ಹೋದವರು. ಲೋಕದ ಹಲವು ಧರ್ಮಗಳಿಗೆ ದೇವರ ಯೋಜನೆಯಲ್ಲಿ ಯಾವ ಸ್ಥಾನ ಎಂದು ವಿಚಾರಿಸುವ ಅವರ ದೊಡ್ಡ ಗ್ರಂಥ 1997ರಲ್ಲಿ ಹೊರಬಂತು. ಮರುವರ್ಷವೇ ವ್ಯಾಟಿಕನ್ನಿನ ವಿಚಾರಣೆ ಶುರುವಾಯಿತು. 2001ರಲ್ಲಿ ಗ್ರಂಥದಲ್ಲಿ ಅಸ್ಪಷ್ಟತೆಗಳಿವೆ ಎಂಬ ಅಧಿಕೃತ ಪ್ರಕಟಣೆ ಬಂತು. 2004ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾನು ಅವರನ್ನು ಕಾಣಲಿಲ್ಲ. ಪುಟದ ಅಂಚುಗಳು ಸವೆದಿದ್ದ ಆ ಪುಸ್ತಕವನ್ನು ಮಾತ್ರ ಚಳಿಗಾಲವಿಡೀ ಓದಿದೆ.

ಓದುತ್ತ ನನಗೆ ಕಂಡದ್ದು ದೋರನಹಳ್ಳಿ. ಕೆ.ಆರ್. ನಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ರೈತನೊಬ್ಬ ಹೊಲ ಉಳುವಾಗ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತೆಂದು ಜನ ಹೇಳುತ್ತಾರೆ. 2019ರಲ್ಲಿ ಅಲ್ಲಿನ ದೇವಾಲಯ ಬಸಿಲಿಕಾ ಆಯಿತು. ಜೂನ್ 13ರ ಹಬ್ಬಕ್ಕೆ ಸೇರುವ ಜನಸಾಗರದಲ್ಲಿ ಎಲ್ಲ ಜಾತಿ, ಎಲ್ಲ ಮತದವರಿರುತ್ತಾರೆ. ಮಗುವಿನ ಜ್ವರ ಇಳಿಯಲಿ, ಕಳೆದ ದನ ಸಿಗಲಿ, ಮಗಳಿಗೆ ಸಂಬಂಧ ಕೂಡಿಬರಲಿ ಎಂದು ಹರಕೆ ಹೊತ್ತು ಮೇಣದಬತ್ತಿ ಹಚ್ಚುವ ಆ ತಾಯಂದಿರಲ್ಲಿ ಎಷ್ಟೋ ಮಂದಿಗೆ ದೀಕ್ಷಾಸ್ನಾನವಾಗಿಲ್ಲ, ಆಗಬೇಕೆಂದೂ ಅವರು ಬಂದಿರುವುದಿಲ್ಲ. ಅವರ ಪ್ರಾರ್ಥನೆ ಯಾರಿಗೆ ಮುಟ್ಟುತ್ತದೆ? ಗುರುವಾಗಿ ನಾನು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ್ದೆ, ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ರೋಮಿನ ಪಂಡಿತರನ್ನು ವರ್ಷಗಟ್ಟಲೆ ಕಾಡಿದ ಚರ್ಚೆ ನಮ್ಮೂರಿನ ಮಣ್ಣುರಸ್ತೆಯಲ್ಲಿ ಪ್ರತಿ ಜೂನಿನಲ್ಲೂ ಬರಿಗಾಲಲ್ಲಿ ನಡೆದು ಬರುತ್ತಿತ್ತು.

ಪಾಸ್ಖ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ರೋಮ್ ಬೇರೆಯದೇ ಊರಾಗುತ್ತದೆ. ದಿನಕ್ಕೊಂದು ಪ್ರಾಚೀನ ದೇವಾಲಯದಲ್ಲಿ ಬಲಿಪೂಜೆ ನಡೆಸುವ ಪದ್ಧತಿ ಶತಮಾನಗಳಿಂದ ಬಂದದ್ದು. ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳು ಬೆಳಗಿನ ಏಳಕ್ಕೆ ಅಲ್ಲಿ ಸೇರುತ್ತಾರೆ. ವಿಭೂತಿ ಬುಧವಾರದ ಮೊದಲ ಪೂಜೆ ಅವೆಂತೀನೊ ಗುಡ್ಡದ ಸಂತ ಸಬೀನಾ ದೇವಾಲಯದಲ್ಲಿ. ಅದರ ಮರದ ಬಾಗಿಲು 5ನೇ ಶತಮಾನದ್ದು. ಶಿಲುಬೆಗೇರಿದ ಕ್ರಿಸ್ತನ ಅತಿ ಹಳೆಯ ಕೆತ್ತನೆಗಳಲ್ಲೊಂದು ಅದರ ಮೇಲಿದೆ, ಚಿಕ್ಕದು. ಕತ್ತಲಲ್ಲೇ ಎದ್ದು ಕಲ್ಲುಹಾಸಿನ ಬೀದಿಗಳಲ್ಲಿ ನಡೆದು ಹೋಗಿ, ಪೂಜೆ ಮುಗಿಸಿ, ಎಂಟೂವರೆಯ ಪಾಠಕ್ಕೆ ಓಡುವುದು. ಆ ನಡಿಗೆಯಲ್ಲಿ ನಾನು ರೋಮಿನ ಬೀದಿಗಳನ್ನು ಕಲಿತೆ.

ಜನರನ್ನು ಕಲಿತದ್ದು ನಗರದ ಹೊರವಲಯದ ಒಂದು ಧರ್ಮಕೇಂದ್ರದಲ್ಲಿ. ಇಟಲಿಯಲ್ಲಿ ಗುರುಗಳ ಸಂಖ್ಯೆ ಇಳಿಯುತ್ತ ಬಂದಿದೆ. ಕ್ರಿಸ್ತಜಯಂತಿ, ಪಾಸ್ಖ ಹಬ್ಬಗಳ ಹೊತ್ತಿಗೆ ವಿದೇಶಿ ವಿದ್ಯಾರ್ಥಿ ಗುರುಗಳಿಗೆ ಕರೆ ಬರುತ್ತದೆ. ಪಾಸ್ಖಕ್ಕೆ ಮುಂಚೆ ಮನೆಮನೆಗೆ ಹೋಗಿ ಆಶೀರ್ವದಿಸುವ ಸಂಪ್ರದಾಯ ಅಲ್ಲಿದೆ. ಲಿಫ್ಟ್ ಇರುವ, ಇಲ್ಲದ ಅಪಾರ್ಟ್‌ಮೆಂಟುಗಳನ್ನು ಹತ್ತಿ ಇಳಿದು ತೀರ್ಥ ಪ್ರೋಕ್ಷಣೆ ಮಾಡುತ್ತ ಹೋಗಬೇಕು. ಕೆಲವು ಬಾಗಿಲು ತೆರೆಯುವುದಿಲ್ಲ. ತೆರೆದ ಎಷ್ಟೋ ಮನೆಗಳಲ್ಲಿ ಒಬ್ಬಂಟಿ ಮುದುಕಿ, ಅವಳನ್ನು ನೋಡಿಕೊಳ್ಳಲು ಪೆರುವಿನಿಂದಲೋ ಫಿಲಿಪೀನ್ಸಿನಿಂದಲೋ ಕೇರಳದಿಂದಲೋ ಬಂದ ಹೆಂಗಸು. ದುಡಿಯಲು ಬಂದ ಆ ಹೆಂಗಸರು ಕದ ತೆರೆದು ನನ್ನ ಮುಖ ನೋಡಿದೊಡನೆ ಅರಳುತ್ತಿದ್ದರು. ಇಬ್ಬರೂ ಪರದೇಶಿಗಳೇ ಅಲ್ಲವೇ.

ಅಂಥದೊಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ನನ್ನ ಕೈಯ ತೀರ್ಥದ ಪಾತ್ರೆಯನ್ನು ಮೇಜಿನ ಮೇಲೆ ಇಡಿಸಿದರು. "ಆಶೀರ್ವಾದ ಆಮೇಲೆ ಮಾಡಿ ಪಾದ್ರೆ, ಮೊದಲು ಕೂತ್ಕೊಳ್ಳಿ. ಒಂದು ಕೇಳಬೇಕು" ಎಂದರು. ಗೋಡೆಯ ಮೇಲಿನ ಪಟ ತೋರಿಸಿದರು. "ನನ್ನ ಯಜಮಾನರು. ಕಮ್ಯುನಿಸ್ಟು. ಮದುವೆ ದಿನ ಬಿಟ್ಟರೆ ಇಗರ್ಜಿ ಮೆಟ್ಟಿಲು ಹತ್ತಿದವರಲ್ಲ. ಕೂಲಿಯವರ ಪರವಾಗಿ ನಿಂತು ಎರಡು ಸಲ ಕೆಲಸ ಕಳಕೊಂಡರು, ಯಾರ ಒಂದು ಲೀರಾ ಮುಟ್ಟಲಿಲ್ಲ. ಈಗ ಎಲ್ಲಿದ್ದಾರೆ ಹೇಳಿ."

ವ್ಯಾಟಿಕನ್ ಮಹಾಸಭೆಯ 1964ರ ದಾಖಲೆ, 'ಲುಮೆನ್ ಜೆಂತಿಯುಂ', ಅದರ 16ನೇ ಪರಿಚ್ಛೇದ: ನನ್ನ ಪರೀಕ್ಷೆಯ ಪಟ್ಟಿಯಲ್ಲಿದ್ದ ವಿಷಯವೇ. ತಮ್ಮದಲ್ಲದ ಕಾರಣದಿಂದ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕವಾಗಿ ಮನಸ್ಸಾಕ್ಷಿಯಂತೆ ಬದುಕಿದವರಿಗೂ ರಕ್ಷಣೆ ದೊರೆಯಬಲ್ಲದು ಎಂದು ಅಲ್ಲಿದೆ. ಅದನ್ನು ಆಕೆಗೆ ನನ್ನ ಚಿಕ್ಕ ವಾಕ್ಯಗಳಲ್ಲಿ ಹೇಳಿದೆ. ದೇವರು ನಿಮ್ಮ ಯಜಮಾನರನ್ನು ನಿಮಗಿಂತ ಚೆನ್ನಾಗಿ ಬಲ್ಲ. ಅವರು ಹಸಿದವರ ಪರ ನಿಂತರು, ಹಸಿದವರಲ್ಲಿ ನಾನಿದ್ದೇನೆ ಎಂದು ಯೇಸು ಹೇಳಿದ್ದಾನೆ. ಆದ್ದರಿಂದ ನೀವು ಭರವಸೆಯಿಂದ ಪ್ರಾರ್ಥಿಸಬಹುದು. ಇಷ್ಟೇ ಹೇಳಿದ್ದು. ಆಕೆ ಬಹಳ ಹೊತ್ತು ಪಟವನ್ನೇ ನೋಡಿ, "ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ಯಾರಾದರೂ ಹೇಳಬೇಕಿತ್ತು" ಎಂದು ಕಾಫಿ ಇಟ್ಟರು. ಶಾಸ್ತ್ರ ಇರುವುದು ಇದಕ್ಕೇ ಎಂದು ಆ ಮಧ್ಯಾಹ್ನ ನನಗೆ ಗಟ್ಟಿಯಾಯಿತು. ದೋರನಹಳ್ಳಿಯ ತಾಯಿಗೂ ರೋಮಿನ ಅಜ್ಜಿಗೂ ಪ್ರಶ್ನೆ ಒಂದೇ: ಬೇಲಿಯಾಚೆ ಇರುವ ನಮ್ಮವರನ್ನು ನಿಮ್ಮ ದೇವರು ಹೇಗೆ ಕಾಣುತ್ತಾನೆ? ಅಜ್ಜಿಗೆ ಅವಳ ಭಾಷೆಯಲ್ಲಿ ಉತ್ತರ ಸಿಕ್ಕಿತು.

ಶಾಸ್ತ್ರ ಇರುವುದು ಜನರಿಗಾಗಿ ಎಂಬುದಕ್ಕೆ ರೋಮಿನಲ್ಲೇ ಇನ್ನೊಬ್ಬ ಸಾಕ್ಷಿ ಸಿಕ್ಕ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದವನು ನಾನು. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಗೆ ಅಲ್ಲಿನ ಪ್ರಾರ್ಥನಾಲಯದ ಗೋಡೆ, ಚಾವಣಿಗಳ ಮೇಲೆ ಬರೆದ ಚಿತ್ರಗಳನ್ನು ತಲೆ ಎತ್ತಿ ನೋಡುತ್ತ ಬೆಳೆದ ನನಗೆ ಅಲೋಶಿಯಸ್ ಎಂದರೆ ಬಿಳಿಯ ಅಂಗಿ ತೊಟ್ಟ ರಾಜಕುಮಾರ. ರೋಮಿನಲ್ಲಿ, ಪಿಲೋತ್ತಾದಿಂದ ಸ್ವಲ್ಪವೇ ದೂರದ ಸಂತ ಇಗ್ನೇಷಿಯಸ್ ದೇವಾಲಯದಲ್ಲಿ, ಅಲೋಶಿಯಸನ ಸಮಾಧಿಯ ಮುಂದೆ ನಿಂತಾಗ ಹೊಳೆದದ್ದು ಬೇರೆ. ಲುಯಿಜಿ ಗೊನ್ಜಾಗ (ಅದು ಅಲೋಶಿಯಸನ ಇಟಾಲಿಯನ್ ಹೆಸರು) ಆ ಊರಿನಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಯಾಗಿದ್ದ, ರೋಮನ್ ಕಾಲೇಜಿನಲ್ಲಿ, ನಮ್ಮ ಹಾಗೆ. ಮನೆತನದ ಹಕ್ಕನ್ನು 1585ರಲ್ಲಿ ತಮ್ಮನಿಗೆ ಬಿಟ್ಟುಕೊಟ್ಟು ಬಂದಿದ್ದ. 1591ರಲ್ಲಿ ರೋಮಿಗೆ ಸಾಂಕ್ರಾಮಿಕ ಬಡಿದಾಗ ಪಾಠ ಬಿಟ್ಟು ರೋಗಿಗಳ ಸೇವೆಗೆ ಹೋದ, ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದ, ಸೋಂಕು ತಗುಲಿ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ. ಓದು ಮುಗಿದಿರಲಿಲ್ಲ. ಅವನ ಹಬ್ಬ ಪ್ರತಿ ವರ್ಷ ಪರೀಕ್ಷೆಯ ದಿನಗಳಲ್ಲೇ ಬರುತ್ತದೆ. ನೀಲಿ ಲಾಜವರ್ದ ಕಲ್ಲಿನ ಅಸ್ಥಿಕರಂಡದ ಮುಂದೆ ಆ ದಿನ ವಿದ್ಯಾರ್ಥಿಗಳು ಮೊಣಕಾಲೂರಿರುತ್ತಾರೆ. ಪದವಿ ಪಡೆಯದೆ ಹೋದ ಹುಡುಗ ವಿದ್ಯಾರ್ಥಿಗಳ ಪಾಲಕ ಸಂತನಾದ. ಓದಿಗಿಂತ ಹಿರಿದಾದದ್ದಕ್ಕೆ ಓದನ್ನು ಬಿಟ್ಟವನನ್ನು ಧರ್ಮಸಭೆ ಓದುವವರ ಮುಂದೆ ನಿಲ್ಲಿಸಿದೆ. ಅದು ಸರಿಯಾದ ಆಯ್ಕೆ.

ಪಿಲೋತ್ತಾದಿಂದ ಏರು ಹತ್ತಿದರೆ ಕ್ವಿರಿನಾಲೆ ಬೀದಿಯಲ್ಲಿ ಸಂತ ಅಂದ್ರೇಯ ದೇವಾಲಯ. ಜನ ಬರುವುದು ಬೆರ್ನಿನಿಯ ವಾಸ್ತುಶಿಲ್ಪ ನೋಡಲು. ಆ ದೇವಾಲಯ ಏಳುವ ಮುಂಚೆ, 1575ರಲ್ಲಿ, ಅದೇ ಜಾಗದ ಜೆಸ್ವಿಟ್ ತರಬೇತಿ ಮನೆಗೆ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ತರುಣ ಸೇರಿದ. 1579ರಲ್ಲಿ ಗೋವೆಗೆ ಬಂದ, ಮತ್ತೆ ಹಿಂದಿರುಗಲಿಲ್ಲ. ಕೊಂಕಣಿಗೆ ವ್ಯಾಕರಣ ಬರೆದ. ಬೈಬಲಿನ ಕಥೆಯನ್ನು ಮರಾಠಿಯ ಸುಮಾರು 11 ಸಾವಿರ ಓವಿಗಳಲ್ಲಿ ಹಾಡಿದ. ಆ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ನಮ್ಮ ಕರಾವಳಿಗೆ ವಲಸೆ ಬಂದ ಕ್ರೈಸ್ತ ಕುಟುಂಬಗಳೂ ಅದನ್ನು ತಂದವು, ಹಾಡಿದವು. ಯುರೋಪಿನ ವಿದ್ಯೆ ನಮ್ಮ ಜನರ ನಾಲಿಗೆಗೆ ಇಳಿಯಲು ಯಾರಾದರೂ ಹೀಗೆ ಬದುಕನ್ನೇ ತೆರಬೇಕಾಗುತ್ತದೆ.

ರೋಮ್ ನಮ್ಮ ಭಾಷೆಗಳನ್ನು ಸದಾ ಗೌರವದಿಂದ ಕಂಡಿತೆಂದಲ್ಲ. ಪರದೇಶಗಳ ಗುರು ಅಭ್ಯರ್ಥಿಗಳು ಓದುತ್ತಿದ್ದ ಪ್ರೊಪಗಾಂಡಾ ಕಾಲೇಜಿನ ವಿದ್ಯಾರ್ಥಿಗಳು ಮೂರು ಅರಸರ ಹಬ್ಬಕ್ಕೆ ತಂತಮ್ಮ ಭಾಷೆಗಳಲ್ಲಿ ಕವಿತೆ ಓದುತ್ತಿದ್ದರು. 1787ರ ಜನವರಿಯಲ್ಲಿ ಅದನ್ನು ಕೇಳಲು ಹೋದ ಜರ್ಮನ್ ಕವಿ ಗಯಟೆ, ಕೇಳುಗರು ಪರದೇಶದ ದನಿಗಳಿಗೆ ಬಿದ್ದು ಬಿದ್ದು ನಕ್ಕರೆಂದು ಬರೆದಿಟ್ಟಿದ್ದಾನೆ. ಆ ಕಾಲೇಜನ್ನು ನಡೆಸುತ್ತಿದ್ದ ಪ್ರೊಪಗಾಂಡಾ ಸಭೆಯ ಅಚ್ಚುಕೂಟದಲ್ಲಿ ಅದಕ್ಕೆ 15 ವರ್ಷ ಮೊದಲು, 1772ರಲ್ಲಿ, ಮಲಯಾಳಂನ ಮೊದಲ ಮುದ್ರಿತ ಪುಸ್ತಕ 'ಸಂಕ್ಷೇಪ ವೇದಾರ್ಥಂ' ಹೊರಬಂದಿತ್ತು. ಎರಡೂ ಆ ಊರಿನದೇ ಕಥೆಗಳು. ನಾನು ಹಿಂದಿರುಗಿದ ಮೇಲೆ, 2024ರಲ್ಲಿ, ವ್ಯಾಟಿಕನ್ನಿನ ಸುದ್ದಿ ಮಾಧ್ಯಮ ಕನ್ನಡದಲ್ಲೂ ಶುರುವಾಯಿತು. ಪೋಪರ ಮಾತು ಅದೇ ದಿನ ನಮ್ಮ ಹಳ್ಳಿಯ ಮೊಬೈಲಿನಲ್ಲಿ ಕನ್ನಡದಲ್ಲಿ ಬರುವುದನ್ನು ನೋಡಿ ಹಿಗ್ಗಿದೆ. ಅದು ಅಲ್ಲಿಂದ ಇಲ್ಲಿಗೆ ಬರುವ ದಾರಿ. ನಮ್ಮ ಪ್ರಶ್ನೆಗಳನ್ನು ನಮ್ಮ ಮಾತಲ್ಲೇ ಬಿಡಿಸಿ ನೋಡುವ ಕೆಲಸ ಇನ್ನೂ ಬಾಕಿ ಇದೆ.

ಆ ಕೆಲಸ ಆಗದೇ ಇರುವುದಕ್ಕೆ ಒಂದು ಸಣ್ಣ ನಿಯಮದ ಪಾಲೂ ಇದೆ. ರೋಮಿನ ಈ ವಿಶ್ವವಿದ್ಯಾಲಯಗಳಲ್ಲಿ ಮಹಾಪ್ರಬಂಧ ಸಮರ್ಥಿಸಿದರೆ ಸಾಲದು, ಕನಿಷ್ಠ ಅದರ ಒಂದು ಭಾಗವನ್ನಾದರೂ ಅಚ್ಚು ಹಾಕಿಸಿದ ಮೇಲೇ ಡಾಕ್ಟರ್ ಎನಿಸಿಕೊಳ್ಳುವುದು. ಮುಂದೆ ಪೋಪ್ 2ನೇ ಜಾನ್ ಪಾಲ್ ಆದ ಕರೋಲ್ ವೊಯ್ತಿವಾ 1948ರಲ್ಲಿ ರೋಮಿನ ಆಂಜೆಲಿಕುಂ ವಿದ್ಯಾಲಯದಲ್ಲಿ ಪ್ರಬಂಧ ಮುಗಿಸಿಯೂ ಅಚ್ಚಿನ ಹಣವಿಲ್ಲದೆ ಅಲ್ಲಿ ಪದವಿ ಪಡೆಯಲಾಗಲಿಲ್ಲ, ಪೋಲೆಂಡಿಗೆ ಮರಳಿ ಕ್ರಾಕೊವ್‌ನಲ್ಲಿ ಪಡೆದರು. ನಮ್ಮವರೂ ಕಷ್ಟಪಟ್ಟು ಅಚ್ಚು ಹಾಕಿಸುತ್ತಾರೆ, ಇಂಗ್ಲಿಷಿನಲ್ಲೋ ಇಟಾಲಿಯನ್ನಿನಲ್ಲೋ. ನಿಗದಿಯಾದಷ್ಟು ಪ್ರತಿಗಳು ಗ್ರಂಥಾಲಯ ಸೇರುತ್ತವೆ. ಉಳಿದವು ಊರಿಗೆ ಬಂದು ಗುರುನಿವಾಸದ ಬೀರುವಿನಲ್ಲಿ ಕೂರುತ್ತವೆ. ನಮ್ಮ ಜನರ ಭಕ್ತಿ, ನಮ್ಮ ಜನರ ನೋವುಗಳನ್ನು ಕುರಿತು ಬರೆದದ್ದನ್ನು ನಮ್ಮ ಜನರೇ ಓದಲಾರರು.

ಕರ್ನಾಟಕದ ಧರ್ಮಾಧ್ಯಕ್ಷರಲ್ಲಿ, ಧರ್ಮಸಂಘಗಳ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಿ, ಇನ್ನೂ ಹೆಚ್ಚು ಕಳಿಸಿ. ಧರ್ಮಭಗಿನಿಯರನ್ನು ಕಳಿಸಿ, ಗೃಹಸ್ಥರನ್ನೂ ಕಳಿಸಿ. ಅವರು ಮರಳಿದಾಗ ಪದವಿಪತ್ರದ ಜೊತೆಗೆ ನೂರು ಪುಟದ ಒಂದು ಕನ್ನಡ ಪುಸ್ತಕವನ್ನು ಕೇಳಿ. ಅದನ್ನು ಬರೆಯಲು ಆರು ತಿಂಗಳ ಬಿಡುವನ್ನೂ ಅಚ್ಚಿನ ಖರ್ಚನ್ನೂ ಕೊಡಿ. ಸುಮ್ಮನೆ ಹೇಳುತ್ತಿಲ್ಲ, ನನ್ನ ಪುಸ್ತಕದ ಕರಡು ಅರ್ಧ ಮುಗಿದಿದೆ, ಅದು ದೋರನಹಳ್ಳಿಯ ಮೇಲೆ.